ಹಳೆಯ ಜೀಪಿನ ದೀಪಗಳು ಕೈಕೊಟ್ಟಾಗ

ಮಲೆನಾಡಿನ ತೋಟದ ಮನೆಗಳಲ್ಲಿ ಹಳೆಯ ಜೀಪು ಒಂದು ಜೊತೆ ಎತ್ತಿಗೆ ಸಮ. ಗೊಬ್ಬರದ ಚೀಲ, ಅಡಿಕೆ ಗೊನೆ, ಬೋರ್ಡೋ ದ್ರಾವಣದ ಪೀಪಾಯಿ, ಶಾಲೆಯ ಮಕ್ಕಳು, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕಾದ ಬಾಣಂತಿ, ಇವರೆಲ್ಲರನ್ನೂ ಅದು ಹೊತ್ತಿದೆ. ಎರಡನೆಯ ಮಹಾಯುದ್ಧದ ನಂತರ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಅದೇ ವಂಶದ ಸಿ.ಜೆ. 3ಬಿ, ಎಂ.ಎಂ. 540 ಮುಂತಾದ ಗಾಡಿಗಳು ಇಂದಿಗೂ ಎಷ್ಟೋ ತೋಟಗಳಲ್ಲಿ ದುಡಿಯುತ್ತಿವೆ. ಇವುಗಳ ಇಂಜಿನ್ನು, ಗೇರು, ಆಕ್ಸಲ್ಲುಗಳನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಆದರೆ ದೀಪ ಆರಿತೆಂದರೆ ಮಾತ್ರ ಕೈಚೆಲ್ಲುತ್ತಾರೆ. “ಕರೆಂಟಿನ ಕೆಲಸ, ನಮಗೆ ತಿಳಿಯದು” ಎನ್ನುತ್ತಾರೆ.

ನಾನು ಬೇಸಾಯಶಾಸ್ತ್ರದವನು, ಮೋಟಾರು ಇಂಜಿನಿಯರನಲ್ಲ. ಈ ವಿಷಯ ಬರೆಯಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ರಾತ್ರಿ ನನ್ನ ಸೋದರಮಾವನವರ ಜೀಪಿನಲ್ಲಿ ಗದ್ದೆಯ ಪ್ರಯೋಗದ ತಾಕಿನಿಂದ ಮರಳುತ್ತಿದ್ದೆವು. ಇಳಿಜಾರಿನ ತಿರುವಿನಲ್ಲಿ ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು. ಎದುರಿನ ಎರಡೂ ದೀಪಗಳು ಒಮ್ಮೆಗೇ ಆರಿದವು. ಮಾವನವರು ಬ್ರೇಕು ತುಳಿದು ನಿಲ್ಲಿಸಿದರು. ಕೈದೀಪ ಹಿಡಿದು ಕೆಳಗಿಳಿದು ನೋಡಿದರೆ, ಬಂಪರಿನಿಂದ ಒಂದು ಮಾರು ದೂರದಲ್ಲಿ ನಾಟಿ ಮುಗಿಸಿ ಮನೆಗೆ ಹೊರಟಿದ್ದ ಇಬ್ಬರು ಹೆಂಗಸರು ಗೊರಬೆ ಹೊದ್ದು ನಿಂತಿದ್ದರು. ಅವರಿಗೂ ಮಾತು ಹೊರಡಲಿಲ್ಲ, ನಮಗೂ ಹೊರಡಲಿಲ್ಲ.

ಅದಕ್ಕೆ ಮುಂಚಿನ ಮೂರು ವಾರಗಳಲ್ಲಿ ಅದೇ ಜೀಪಿಗೆ ಎರಡು ಬಲ್ಬು ಬದಲಾಯಿಸಲಾಗಿತ್ತು, ಹೊಸ ಬ್ಯಾಟರಿಯನ್ನೂ ಹಾಕಿಸಲಾಗಿತ್ತು. ಮರುದಿನ ಬೆಳಗ್ಗೆ ಕುಳಿತು ಹುಡುಕಿದಾಗ ದೋಷ ಸಿಕ್ಕಿದ್ದು ರೇಡಿಯೇಟರಿನ ಪಕ್ಕದ ತಗಡಿಗೆ ಬಿಗಿದಿದ್ದ ಒಂದು ಬೋಲ್ಟಿನ ಕೆಳಗೆ. ಅಲ್ಲಿ ತುಕ್ಕು ಹಿಡಿದು, ಎರಡೂ ದೀಪಗಳ ಅರ್ತ್ ತಂತಿ ಸಡಿಲಾಗಿತ್ತು. ಉಜ್ಜುಕಾಗದದ ಒಂದು ತುಂಡು, ಹತ್ತು ನಿಮಿಷದ ಕೆಲಸ. ಖರ್ಚು ಏನೂ ಇಲ್ಲ. ಅಷ್ಟಕ್ಕಾಗಿ ಎರಡು ಜೀವ ಹೋಗಬಹುದಿತ್ತು.

ವಿದ್ಯುತ್ತಿನ ದಾರಿ

ನೀರಾವರಿ ಬಲ್ಲವರಿಗೆ ಜೀಪಿನ ವಿದ್ಯುತ್ತು ಕಷ್ಟದ ವಿಷಯವಲ್ಲ. ಬ್ಯಾಟರಿಯನ್ನು ಎತ್ತರದಲ್ಲಿರುವ ನೀರಿನ ತೊಟ್ಟಿ ಎಂದು ತಿಳಿಯಿರಿ. ವೋಲ್ಟೇಜ್ ಎಂದರೆ ನೀರಿನ ಒತ್ತಡ. ಆಂಪಿಯರ್ ಎಂದರೆ ಹರಿಯುವ ನೀರಿನ ಪ್ರಮಾಣ. ತಂತಿ ಕಾಲುವೆ, ಸ್ವಿಚ್ಚು ತೂಬು. ದೀಪ ಎಂಬುದು ಕಾಲುವೆಯ ಕೊನೆಯಲ್ಲಿರುವ ಗದ್ದೆ.

ಒಂದು ವ್ಯತ್ಯಾಸ ಮಾತ್ರ ಉಂಟು. ಗದ್ದೆಗೆ ಹೋದ ನೀರು ಮರಳಿ ಬರಬೇಕಾಗಿಲ್ಲ. ವಿದ್ಯುತ್ತು ಹಾಗಲ್ಲ. ಬ್ಯಾಟರಿಯ ಒಂದು ತುದಿಯಿಂದ ಹೊರಟು, ದೀಪವನ್ನು ಹಾದು, ಇನ್ನೊಂದು ತುದಿಗೆ ಮರಳಿ ಸೇರಿದರೆ ಮಾತ್ರ ಅದು ಹರಿಯುತ್ತದೆ. ಜೀಪಿನಲ್ಲಿ ಹೋಗುವ ದಾರಿಗೆ ತಂತಿ ಇದೆ. ಬರುವ ದಾರಿಗೆ ಗಾಡಿಯ ಕಬ್ಬಿಣದ ಮೈಯನ್ನೇ ಬಳಸಿದ್ದಾರೆ. ಇದಕ್ಕೇ ಅರ್ತ್ ಎನ್ನುವುದು. ಮನೆಯ ಕರೆಂಟಿನ ಅರ್ತ್ ತಂತಿ ನೆಲಕ್ಕೆ ಹೋಗುತ್ತದೆ. ಜೀಪಿನದು ನೆಲಕ್ಕೆ ಹೋಗುವುದಿಲ್ಲ, ಚಾಸಿಗೆ ಹೋಗುತ್ತದೆ. ಆದುದರಿಂದ ಜೀಪಿನ ತಗಡು, ಬೋಲ್ಟು, ನಟ್ಟುಗಳೂ ವಿದ್ಯುತ್ತಿನ ದಾರಿಯೇ ಎಂಬುದನ್ನು ಮರೆಯಬಾರದು. ಬಣ್ಣ ಬಳಿದ ತಗಡು, ತುಕ್ಕು ಹಿಡಿದ ಬೋಲ್ಟು, ಕೆಸರು ಕೂತ ಸಂದು ಇವು ದಾರಿಗೆ ಅಡ್ಡ ಕಟ್ಟಿದ ಬದುಗಳಿದ್ದಂತೆ.

ಇಂದು ಓಡುತ್ತಿರುವ ಬಹುತೇಕ ಹಳೆಯ ಜೀಪುಗಳದು 12 ವೋಲ್ಟಿನ ವ್ಯವಸ್ಥೆ. ತೀರ ಹಳೆಯ ಕೆಲವು ಗಾಡಿಗಳಲ್ಲಿ 6 ವೋಲ್ಟ್ ಇತ್ತು. ಬಲ್ಬು ಕೊಳ್ಳುವ ಮುನ್ನ ಬ್ಯಾಟರಿಯ ಮೇಲಿನ ಬರಹ ಓದಿಕೊಳ್ಳಿರಿ. ಹೆಚ್ಚಿನ ಗಾಡಿಗಳಲ್ಲಿ ಬ್ಯಾಟರಿಯ ಋಣ ತುದಿ ಚಾಸಿಗೆ ಸೇರಿರುತ್ತದೆ. ಕೆಲವು ಹಳೆಯ ಟ್ರ್ಯಾಕ್ಟರುಗಳಲ್ಲಿ ಧನ ತುದಿಯನ್ನು ಚಾಸಿಗೆ ಸೇರಿಸಿದ್ದುಂಟು. ಯಾವ ತುದಿಯ ಕೇಬಲ್ಲು ಗಾಡಿಯ ಮೈಗೆ ಬಿಗಿದಿದೆ ಎಂಬುದನ್ನು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಂಡೇ ಮುಂದುವರಿಯಬೇಕು.

ಮೊದಲು ಲಕ್ಷಣ ಓದಿರಿ

ಬೆಳೆಯ ಎಲೆ ಹಳದಿಯಾದರೆ ತಿಳಿದ ರೈತನು ಕೂಡಲೇ ಯೂರಿಯಾ ಚೆಲ್ಲುವುದಿಲ್ಲ. ಕೆಳಗಿನ ಹಳೆಯ ಎಲೆ ಹಳದಿಯಾಗಿದೆಯೋ, ಮೇಲಿನ ಚಿಗುರೆಲೆಯೋ ಎಂದು ನೋಡುತ್ತಾನೆ. ಹಳೆಯ ಎಲೆಯಾದರೆ ಸಾರಜನಕದ ಕೊರತೆ ಇರಬಹುದು, ಚಿಗುರಾದರೆ ಕಬ್ಬಿಣದ ಕೊರತೆ ಇರಬಹುದು. ದೀಪದ ದೋಷಕ್ಕೂ ಇದೇ ಕ್ರಮ. ಯಾವ ದೀಪ, ಯಾವಾಗ, ಹೇಗೆ ಕೆಟ್ಟಿತು ಎಂಬುದನ್ನು ಮೊದಲು ನೋಡಿದರೆ ಅರ್ಧ ಕೆಲಸ ಮುಗಿದಂತೆ.

1. ಒಂದೇ ದೀಪ ಪೂರ್ತಿ ಆರಿದ್ದರೆ: ಬಲ್ಬು, ಅದರ ಹೋಲ್ಡರು ಅಥವಾ ಆ ದೀಪಕ್ಕೆ ಮಾತ್ರ ಹೋಗುವ ತಂತಿ.

2. ಒಂದೇ ದೀಪ ಮಂಕಾಗಿದ್ದರೆ: ಆ ದೀಪದ ಅರ್ತ್ ಅಥವಾ ಕಿಲುಬು ಹಿಡಿದ ಹೋಲ್ಡರು.

3. ಮುಂದಿನ ಎರಡೂ ದೀಪ ಒಟ್ಟಿಗೆ ಆರಿದ್ದರೆ: ಫ್ಯೂಸು, ಸ್ವಿಚ್ಚು, ಡಿಪ್ಪರು ಅಥವಾ ಎರಡಕ್ಕೂ ಒಂದೇ ಆಗಿರುವ ಅರ್ತ್. ಎರಡು ಬಲ್ಬುಗಳು ಒಂದೇ ಕ್ಷಣದಲ್ಲಿ ಸುಡುವುದು ಅಪರೂಪ.

4. ದೂರದ ಬೆಳಕು ಇದೆ, ಡಿಪ್ ಇಲ್ಲ, ಅಥವಾ ಇದಕ್ಕೆ ವಿರುದ್ಧವಾಗಿದ್ದರೆ: ಎರಡೂ ಬದಿಯಲ್ಲಿ ಹಾಗಿದ್ದರೆ ಡಿಪ್ಪರು ಸ್ವಿಚ್ಚು ಅಥವಾ ಆ ಬೆಳಕಿನ ಫ್ಯೂಸು. ಒಂದೇ ಬದಿಯಾದರೆ ಬಲ್ಬಿನೊಳಗಿನ ಒಂದು ಎಳೆ ಕಡಿದಿದೆ.

5. ಎಲ್ಲ ದೀಪಗಳೂ ಮಂಕಾಗಿ, ಇಂಜಿನ್ನಿನ ವೇಗ ಹೆಚ್ಚಿದಾಗ ಪ್ರಖರವಾದರೆ: ಬ್ಯಾಟರಿ ಸೊರಗಿದೆ ಅಥವಾ ಬ್ಯಾಟರಿಯ ತುದಿಗಳು ಸಡಿಲಾಗಿವೆ.

6. ಬ್ರೇಕು ತುಳಿದಾಗ ಹಿಂದಿನ ದೀಪ ಮಂಕಾದರೆ, ಇಲ್ಲವೆ ಇಂಡಿಕೇಟರು ತಾನಾಗಿ ಮಿಣುಕಿದರೆ: ಹಿಂಬದಿಯ ಅರ್ತ್ ಕೆಟ್ಟಿದೆ. ತನ್ನ ದಾರಿ ಮುಚ್ಚಿದಾಗ ವಿದ್ಯುತ್ತು ಪಕ್ಕದ ಬಲ್ಬಿನ ಎಳೆಯ ಮೂಲಕ ದಾರಿ ಹುಡುಕುತ್ತದೆ. ಬದು ಕಟ್ಟಿದರೆ ನೀರು ಪಕ್ಕದವರ ಗದ್ದೆಗೆ ನುಗ್ಗುವಂತೆಯೇ ಇದು.

7. ಗಾಡಿ ಕುಲುಕಿದಾಗ ಆರಿ ಹೊತ್ತಿದರೆ: ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ.

8. ಗಾಡಿ ನಿಂತಿದ್ದರೂ ದೀಪಗಳು ಆರಿ, ಸ್ವಲ್ಪ ಹೊತ್ತಿನ ಮೇಲೆ ತಾವಾಗಿ ಹೊತ್ತಿ, ಮತ್ತೆ ಆರಿದರೆ: ಕೆಲವು ಹಳೆಯ ಜೀಪುಗಳ ದೀಪದ ಸ್ವಿಚ್ಚಿನಲ್ಲಿ ಬಿಸಿಯಾದಾಗ ಬಿಟ್ಟುಕೊಳ್ಳುವ ಏರ್ಪಾಡು ಇರುತ್ತದೆ. ಅದು ಹೀಗೆ ಮಾಡುತ್ತಿದ್ದರೆ ಎಲ್ಲೋ ತಂತಿ ಚಾಸಿಗೆ ತಗಲಿ ಷಾರ್ಟಾಗಿದೆ ಎಂದು ಅರ್ಥ. ಸ್ವಿಚ್ಚನ್ನು ದೂಷಿಸದೆ ತಂತಿಯನ್ನು ಹುಡುಕಬೇಕು.

ಬೇಕಾಗುವ ಸಲಕರಣೆಗಳು

ಹೆಚ್ಚೇನೂ ಬೇಡ. ಸ್ಕ್ರೂ ಡ್ರೈವರು, ಎರಡು ಮೂರು ಸ್ಪ್ಯಾನರು, ಕಟಿಂಗ್ ಪ್ಲೇಯರು, ಉಜ್ಜುಕಾಗದ, ಹಳೆಯ ಹಲ್ಲುಜ್ಜುವ ಬ್ರಷ್ಷು, ಇನ್ಸುಲೇಷನ್ ಟೇಪು, ಎರಡು ಮೀಟರು ಒಳ್ಳೆಯ ತಂತಿ ಇದ್ದರೆ ಸಾಕು. ಇವುಗಳ ಜೊತೆಗೆ ಒಂದು ಪರೀಕ್ಷಾ ದೀಪವನ್ನು ನೀವೇ ಮಾಡಿಕೊಳ್ಳಿರಿ. 12 ವೋಲ್ಟಿನ ಒಂದು ಇಂಡಿಕೇಟರ್ ಬಲ್ಬನ್ನು ಹೋಲ್ಡರಿಗೆ ಹಾಕಿ, ಹೋಲ್ಡರಿನಿಂದ ಒಂದೊಂದು ಮೀಟರ್ ಉದ್ದದ ಎರಡು ತಂತಿ ಎಳೆದು, ಒಂದರ ತುದಿಗೆ ಕಚ್ಚುವ ಕ್ಲಿಪ್ಪು, ಇನ್ನೊಂದಕ್ಕೆ ಚೂಪಾದ ಮೊಳೆ ಜೋಡಿಸಿದರೆ ಅದು ಸಿದ್ಧ. ಮನೆಯಲ್ಲಿ ಮಲ್ಟಿಮೀಟರು ಇದ್ದರೆ ಇನ್ನೂ ಒಳ್ಳೆಯದು. ಪಂಪುಸೆಟ್ಟಿನ ಕೆಲಸಕ್ಕೂ ಅದು ಉಪಯೋಗವಾಗುತ್ತದೆ.

ಎಚ್ಚರಿಕೆಗಳು: ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಕೂಡದು. ಕೈಯ ಉಂಗುರ, ಕಡಗ, ಗಡಿಯಾರ ತೆಗೆದಿಡಬೇಕು. ತಂತಿ ಕತ್ತರಿಸುವ, ಸ್ವಿಚ್ಚು ಬಿಚ್ಚುವ ಕೆಲಸವಿದ್ದರೆ ಬ್ಯಾಟರಿಯ ಅರ್ತ್ ಕೇಬಲ್ಲನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಜೋಡಿಸಬೇಕು. ಹೀಗೆ ಮಾಡಿದರೆ ಸ್ಪ್ಯಾನರು ಗಾಡಿಯ ಮೈಗೆ ತಗಲಿ ಕಿಡಿ ಹಾರುವುದು ತಪ್ಪುತ್ತದೆ.

ಬ್ಯಾಟರಿಯಿಂದ ಪ್ರಾರಂಭ

ತೊಟ್ಟಿಯಲ್ಲಿ ನೀರಿಲ್ಲದೆ ಕಾಲುವೆ ತೋಡಿ ಪ್ರಯೋಜನವಿಲ್ಲ. ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಬ್ಯಾಟರಿಗೆ ಮೀಟರು ಹಿಡಿದರೆ 12.6 ವೋಲ್ಟಿನ ಆಸುಪಾಸು ತೋರಿಸಿದರೆ ಅದು ತುಂಬಿದೆ. 12.2 ತೋರಿಸಿದರೆ ಸುಮಾರು ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಚಾರ್ಜು ಮಾಡಿಸಲೇಬೇಕು. ಇಂಜಿನ್ನು ನಡೆಯುತ್ತಿರುವಾಗ ಸ್ವಲ್ಪ ವೇಗ ಕೊಟ್ಟು ನೋಡಿದರೆ 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ಡೈನಮೊ ಅಥವಾ ಆಲ್ಟರ್ನೇಟರು ಚಾರ್ಜು ಮಾಡುತ್ತಿಲ್ಲ. ಆಗ ಮೊದಲು ಬೆಲ್ಟನ್ನು ನೋಡಿರಿ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು ಸುಮಾರು 10ರಿಂದ 15 ಮಿಲಿಮೀಟರ್ ಬಗ್ಗಬಹುದು. ಅದಕ್ಕಿಂತ ಹೆಚ್ಚು ಬಗ್ಗಿದರೆ ಬಿಗಿ ಮಾಡಬೇಕು.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಬಣ್ಣದ ಹೊರೆ ಕಟ್ಟಿದ್ದರೆ, ಕೇಬಲ್ಲು ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡಾ ಕಲಸಿ ಬ್ರಷ್ಷಿನಿಂದ ತೊಳೆಯಿರಿ. ಈ ನೀರು ಬ್ಯಾಟರಿಯ ಒಳಕ್ಕೆ ಹೋಗಬಾರದು. ಒಣಗಿದ ಮೇಲೆ ಉಜ್ಜಿ, ಬಿಗಿಯಾಗಿ ಜೋಡಿಸಿ, ಮೇಲೆ ವ್ಯಾಸಲೀನ್ ಸವರಿರಿ. ಒಳಗಿನ ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬಾವಿಯ ನೀರನ್ನಾಗಲಿ ಆಸಿಡ್ಡನ್ನಾಗಲಿ ಹಾಕಬಾರದು. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಇಂಜಿನ್ನಿಗೆ ಹೋಗುವ ದಪ್ಪ ಅರ್ತ್ ಪಟ್ಟಿಗಳ ಎರಡೂ ತುದಿಗಳನ್ನು ನೋಡಲು ಮರೆಯಬೇಡಿರಿ.

ಅರ್ತ್: ಹತ್ತರಲ್ಲಿ ಹೆಚ್ಚು ದೋಷಗಳ ತವರು

ನಾನು ನೋಡಿದ ಹಳೆಯ ಗಾಡಿಗಳಲ್ಲಿ ದೀಪದ ತೊಂದರೆಗೆ ಬೇರೆ ಎಲ್ಲಕ್ಕಿಂತ ಅರ್ತ್ ಹೆಚ್ಚು ಬಾರಿ ಕಾರಣವಾಗಿದೆ. ಮಲೆನಾಡಿನ ಮಳೆ, ಕರಾವಳಿಯ ಉಪ್ಪು ಗಾಳಿ, ಗೊಬ್ಬರದ ಚೀಲದಿಂದ ಉದುರುವ ಹರಳು ಇವೆಲ್ಲ ತಗಡನ್ನು ತಿನ್ನುತ್ತವೆ. ಗಾಡಿಗೆ ಹೊಸ ಬಣ್ಣ ಬಳಿಸಿದ ಮೇಲೆ ದೀಪ ಮಂಕಾಯಿತು ಎಂಬ ದೂರಿಗೂ ಕಾರಣ ಇದೇ. ಬೋಲ್ಟಿನ ಕೆಳಗೆ ಬಣ್ಣ ಸೇರಿ ದಾರಿ ಮುಚ್ಚಿರುತ್ತದೆ.

ಪರೀಕ್ಷೆ ಸುಲಭ. ದೀಪ ಹೊತ್ತಿಸಿರಿ. ಒಂದು ಉದ್ದನೆಯ ತಂತಿಯ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದನ್ನು ಮಂಕಾದ ದೀಪದ ಅರ್ತ್ ತಂತಿಗೆ ಅಥವಾ ಹೋಲ್ಡರಿನ ಲೋಹದ ಮೈಗೆ ಮುಟ್ಟಿಸಿರಿ. ದೀಪ ಕೂಡಲೇ ಪ್ರಖರವಾದರೆ ಅರ್ತ್ ಕೆಟ್ಟಿದೆ ಎಂಬುದು ಖಚಿತ. ಮೀಟರಿದ್ದರೆ ದೀಪ ಹೊತ್ತಿರುವಾಗಲೇ ಇದೇ ಎರಡು ಜಾಗಗಳಿಗೆ ಹಿಡಿದು ಅಳೆಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಇದೇ ರೀತಿ ಬ್ಯಾಟರಿಯ ಇನ್ನೊಂದು ತುದಿ ಮತ್ತು ಬಲ್ಬಿಗೆ ವಿದ್ಯುತ್ತು ತರುವ ತಂತಿಯ ನಡುವೆ ಅಳೆದರೆ 0.5 ವೋಲ್ಟಿನೊಳಗೆ ಇರಬೇಕು. ಹೆಚ್ಚಿದ್ದರೆ ಆ ದಾರಿಯಲ್ಲಿ ಸೋರಿಕೆಯಂತಹ ನಷ್ಟವಿದೆ.

ಈ ಅರ್ಧ, ಒಂದು ವೋಲ್ಟಿನ ವಿಷಯವನ್ನು ಹಗುರವಾಗಿ ಕಾಣಬಾರದು. ತಂತಿ ಎಳೆಯಿರುವ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿಯುತ್ತದೆ. ಹೀಗಾಗಿ ಹೆಚ್ಚು ವಾಟಿನ ಬಲ್ಬು ಹಾಕಿಸುವುದಕ್ಕಿಂತ ಜೋಡಣೆಗಳನ್ನು ಉಜ್ಜಿ ಸರಿಮಾಡುವುದರಿಂದ ಹೆಚ್ಚು ಬೆಳಕು ಸಿಗುತ್ತದೆ.

ಸರಿಪಡಿಸುವ ವಿಧಾನ: ಬೋಲ್ಟು ಬಿಚ್ಚಿ, ತಗಡಿನ ಬಣ್ಣ, ತುಕ್ಕನ್ನು ಹೊಳೆಯುವವರೆಗೆ ಉಜ್ಜಿ, ತಂತಿಯ ತುದಿಯ ಕಣ್ಣನ್ನೂ ಉಜ್ಜಿ, ಹಲ್ಲಿರುವ ವಾಷರು ಹಾಕಿ ಬಿಗಿಯಿರಿ. ಮೇಲೆ ಗ್ರೀಸು ಅಥವಾ ವ್ಯಾಸಲೀನ್ ಸವರಿರಿ. ತಗಡೇ ಕೊಳೆತಿದ್ದರೆ ಹಿಂದಿನ ಮತ್ತು ಮುಂದಿನ ದೀಪಗಳಿಂದ ಬ್ಯಾಟರಿಯ ಅರ್ತ್ ತುದಿಯವರೆಗೆ 2.5 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ ಎಳೆಯುವುದು ಮೇಲು.

ಫ್ಯೂಸು ಮತ್ತು ಷಾರ್ಟು

ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು ಸಿಗುತ್ತದೆ. ದೂರದ ಬೆಳಕಿಗೆ 60, ಡಿಪ್ಪಿಗೆ 55 ವಾಟಿನ ಹ್ಯಾಲೋಜನ್ ಬಲ್ಬುಗಳು ಎರಡಿದ್ದರೆ, ದೂರದ ಬೆಳಕಿನಲ್ಲಿ 120 ವಾಟು, ಅಂದರೆ ಸುಮಾರು 10 ಆಂಪಿಯರು ಹರಿಯುತ್ತದೆ. ಎರಡಕ್ಕೂ ಒಂದೇ ಫ್ಯೂಸಿದ್ದರೆ ಅದು 15 ಆಂಪಿಯರಿನದಿರಬೇಕು. ಫ್ಯೂಸು ಹೋದಾಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ದಪ್ಪ ತಂತಿ, ಮೊಳೆ ಸೇರಿಸುವ ಅಭ್ಯಾಸ ಬಹಳ ಅಪಾಯಕರ. ಫ್ಯೂಸು ಸುಡದಿದ್ದರೆ ತಂತಿ ಸುಡುತ್ತದೆ. ಜೀಪಿನ ಹಿಂದೆ ಒಣ ಹುಲ್ಲಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಹಳೆಯ ಗಾಡಿಗಳ ಫ್ಯೂಸು ಒಂದು ಸಣ್ಣ ಪಿಂಗಾಣಿ ಕಡ್ಡಿಯ ಮೇಲೆ ಲೋಹದ ಪಟ್ಟಿ ಹೊಂದಿರುತ್ತದೆ. ಪಟ್ಟಿ ಚೆನ್ನಾಗಿದ್ದರೂ ಎರಡು ತುದಿಗಳಲ್ಲಿ ಕಿಲುಬು ಕಟ್ಟಿ ವಿದ್ಯುತ್ತು ನಿಲ್ಲಬಹುದು. ಬೆರಳಿನಿಂದ ಅದನ್ನು ಒಂದೆರಡು ಸುತ್ತು ತಿರುಗಿಸಿದಾಗ ದೀಪ ಹೊತ್ತಿದರೆ, ಹಿಡಿಕೆಗಳನ್ನು ಉಜ್ಜಿ, ಸ್ವಲ್ಪ ಬಾಗಿಸಿ ಬಿಗಿ ಮಾಡಿರಿ.

ಹೊಸ ಫ್ಯೂಸು ಹಾಕಿದ ಕೂಡಲೇ ಸುಟ್ಟರೆ ಷಾರ್ಟು ಇದೆ. ಫ್ಯೂಸಿನ ಮೇಲೆ ಫ್ಯೂಸು ಸುಡುತ್ತ ಕೂಡಬೇಡಿರಿ. ಆ ಸಾಲಿನ ಎಲ್ಲ ಬಲ್ಬುಗಳನ್ನು ಕಳಚಿರಿ. ಫ್ಯೂಸಿನ ಜಾಗದ ಎರಡು ತುದಿಗಳಿಗೆ ನಿಮ್ಮ ಪರೀಕ್ಷಾ ದೀಪದ ಎರಡು ತಂತಿಗಳನ್ನು ಜೋಡಿಸಿ, ಸ್ವಿಚ್ಚು ಹಾಕಿರಿ. ಷಾರ್ಟು ಇರುವ ತನಕ ಪರೀಕ್ಷಾ ದೀಪ ಪೂರ್ಣ ಉರಿಯುತ್ತದೆ, ತಂತಿಗಳಿಗೆ ಅಪಾಯವಿಲ್ಲ. ಈಗ ತಂತಿಯ ಕಟ್ಟನ್ನು ಮುಂದಿನಿಂದ ಹಿಂದಕ್ಕೆ ಒಂದೊಂದು ಗೇಣು ಅಲುಗಾಡಿಸುತ್ತ ಹೋಗಿರಿ. ಎಲ್ಲಿ ಅಲುಗಾಡಿಸಿದಾಗ ದೀಪ ಆರುತ್ತದೆಯೋ ಅಲ್ಲೇ ದೋಷ. ಅಲುಗಾಟಕ್ಕೆ ಆರದಿದ್ದರೆ ಜೋಡಣೆಗಳನ್ನು ಹಿಂದಿನಿಂದ ಒಂದೊಂದಾಗಿ ಬಿಡಿಸಿರಿ. ಯಾವುದನ್ನು ಬಿಡಿಸಿದಾಗ ಆರುತ್ತದೆಯೋ ಅದರಾಚೆಗಿನ ತಂತಿಯಲ್ಲಿ ಷಾರ್ಟಿದೆ. ತಂತಿ ತಗಡಿನ ತೂತಿನಲ್ಲಿ ಹಾಯುವ ಕಡೆ, ಸೈಲೆನ್ಸರಿನ ಬಳಿ, ಚಾಸಿಯ ಮೂಲೆ, ಇಲಿ ಗೂಡು ಮಾಡಿದ ಜಾಗ ಇವುಗಳನ್ನು ಮೊದಲು ನೋಡಬೇಕು. ಭತ್ತದ ಹುಲ್ಲಿನ ಕೊಟ್ಟಿಗೆಯಲ್ಲಿ ನಿಲ್ಲಿಸುವ ಗಾಡಿಗೆ ಇಲಿ ಕಾಟ ಹೆಚ್ಚು.

ಸ್ವಿಚ್ಚು, ಡಿಪ್ಪರು ಮತ್ತು ರಿಲೇ

ಅನೇಕ ಹಳೆಯ ಜೀಪುಗಳಲ್ಲಿ ಡಿಪ್ಪರು ಕಾಲಿನಿಂದ ಒತ್ತುವಂಥದು. ಗದ್ದೆಯಿಂದ ಬಂದ ಕಾಲಿನ ಕೆಸರೆಲ್ಲ ಅದರ ಮೇಲೆ ಇಳಿಯುತ್ತದೆ. ಒತ್ತಿದಾಗ ಒಮ್ಮೆ ಹೊತ್ತಿ ಒಮ್ಮೆ ಹೊತ್ತದಿದ್ದರೆ ಅದೇ ಕೆಟ್ಟಿದೆ ಎಂದು ತಿಳಿಯಬಹುದು. ಇದಕ್ಕೆ ಮೂರು ತಂತಿಗಳಿರುತ್ತವೆ. ಒಂದು ವಿದ್ಯುತ್ತು ತರುತ್ತದೆ, ಉಳಿದವೆರಡು ದೂರದ ಬೆಳಕಿಗೆ ಮತ್ತು ಡಿಪ್ಪಿಗೆ ಒಯ್ಯುತ್ತವೆ. ಪರೀಕ್ಷಾ ದೀಪದ ಕ್ಲಿಪ್ಪನ್ನು ಚಾಸಿಗೆ ಕಚ್ಚಿಸಿ, ಮೊಳೆಯನ್ನು ತರುವ ತಂತಿಗೆ ಮುಟ್ಟಿಸಿರಿ. ಅಲ್ಲಿ ಹೊತ್ತಿ, ಒಯ್ಯುವ ತಂತಿಗಳಲ್ಲಿ ಒತ್ತಿದಂತೆ ಸರದಿಯಾಗಿ ಹೊತ್ತದಿದ್ದರೆ ಡಿಪ್ಪರು ಬದಲಾಯಿಸಬೇಕು. ತರುವ ತಂತಿಯಲ್ಲೇ ಹೊತ್ತದಿದ್ದರೆ ದೋಷ ಅದಕ್ಕಿಂತ ಹಿಂದೆ, ಸ್ವಿಚ್ಚಿನಲ್ಲೋ ಫ್ಯೂಸಿನಲ್ಲೋ ಇದೆ. ಹೀಗೆ ಕಾಲುವೆಗುಂಟ ನಡೆದು ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುವುದೇ ಇಡೀ ವಿದ್ಯೆಯ ಸಾರ.

ದೀಪ ಹೊತ್ತಿಸಿ ಹತ್ತು ನಿಮಿಷವಾದ ಮೇಲೆ ಸ್ವಿಚ್ಚು ಕೈಗೆ ಬಿಸಿ ಹತ್ತಿದರೆ ಅದರೊಳಗಿನ ಮುಟ್ಟುಗಳು ಸವೆದಿವೆ. ಹಳೆಯ ಸ್ವಿಚ್ಚಿನ ಮೇಲೆ 10 ಆಂಪಿಯರಿನ ಭಾರ ಹೊರಿಸುವ ಬದಲು ರಿಲೇ ಜೋಡಿಸುವುದು ಜಾಣತನ. ರಿಲೇಯ ಕಾಲುಗಳ ಮೇಲೆ ಅಂಕಿಗಳಿರುತ್ತವೆ. ಋಣ ತುದಿ ಚಾಸಿಗೆ ಸೇರಿದ ಗಾಡಿಯಲ್ಲಿ 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರ ತಂತಿ, 87ರಿಂದ ದೀಪಕ್ಕೆ, 86ಕ್ಕೆ ಹಳೆಯ ಸ್ವಿಚ್ಚಿನ ತಂತಿ, 85ಕ್ಕೆ ಅರ್ತ್. ದೂರದ ಬೆಳಕಿಗೆ ಒಂದು, ಡಿಪ್ಪಿಗೆ ಒಂದು ಬೇಕು. ಸ್ವಿಚ್ಚು ಬರೇ ತೂಬಿನ ಹಿಡಿಯಾಗಿ ಉಳಿಯುತ್ತದೆ, ನೀರು ದೊಡ್ಡ ಕಾಲುವೆಯಲ್ಲಿ ಹರಿಯುತ್ತದೆ.

ಬಲ್ಬು ಮತ್ತು ಹೋಲ್ಡರು

ಬಲ್ಬು ಕಪ್ಪಾಗಿದ್ದರೆ ಅಥವಾ ಒಳಗಿನ ಎಳೆ ಕಡಿದಿದ್ದರೆ ಬದಲಾಯಿಸಬೇಕು. ಕಣ್ಣಿಗೆ ಚೆನ್ನಾಗಿ ಕಂಡರೂ ನೇರವಾಗಿ ಬ್ಯಾಟರಿಗೆ ಹಿಡಿದು ಪರೀಕ್ಷಿಸುವುದು ಲೇಸು. ಕೆಲವು ಹಳೆಯ ಜೀಪುಗಳಲ್ಲಿ ಗಾಜು, ಕನ್ನಡಿ, ಎಳೆ ಎಲ್ಲವೂ ಒಂದಾಗಿರುವ ಸೀಲ್ಡ್ ಬೀಮ್ ದೀಪಗಳಿರುತ್ತವೆ. ಅವು ಕೆಟ್ಟರೆ ಇಡಿಯಾಗಿ ಬದಲಾಯಿಸಬೇಕು. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ತಗಲಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬಿನ ಆಯುಷ್ಯ ಕಡಿಮೆಯಾಗುತ್ತದೆ.

ಹಿಂದಿನ ದೀಪದ ಬಲ್ಬಿನಲ್ಲಿ ಎರಡು ಎಳೆಗಳಿರುತ್ತವೆ. 5 ವಾಟಿನದು ಹಿಂದಿನ ದೀಪ, 21 ವಾಟಿನದು ಬ್ರೇಕು ದೀಪ. ಇದರ ಎರಡು ಗುಬ್ಬಿಗಳು ಒಂದೇ ಎತ್ತರದಲ್ಲಿರುವುದಿಲ್ಲ. ಬಲವಂತದಿಂದ ತಿರುವಿ ಕೂಡಿಸಿದರೆ ಎಳೆಗಳು ಅದಲುಬದಲಾಗಿ, ಬ್ರೇಕು ದೀಪ ಸದಾ ಉರಿಯುವಂತೆ ಕಾಣುತ್ತದೆ. ಹಿಂದೆ ಬರುವವನಿಗೆ ನೀವು ನಿಲ್ಲಿಸುತ್ತಿರುವುದು ತಿಳಿಯುವುದೇ ಇಲ್ಲ.

ಈಗ ಎಲ್.ಇ.ಡಿ. ಬಲ್ಬುಗಳ ಮೋಹ ಹೆಚ್ಚಾಗಿದೆ. ಅವು ಕಡಿಮೆ ವಿದ್ಯುತ್ತು ಬಳಸುವುದು ನಿಜ. ಆದರೆ ಹ್ಯಾಲೋಜನ್ನಿಗಾಗಿ ಮಾಡಿದ ಕನ್ನಡಿಯೊಳಗೆ ಹೊಂದದ ಎಲ್.ಇ.ಡಿ. ಹಾಕಿದರೆ ಬೆಳಕು ಚದರಿ ಎದುರಿನವನ ಕಣ್ಣು ಕುಕ್ಕುತ್ತದೆ. ಕೆಟ್ಟ ಅರ್ತನ್ನೂ ಅದು ಸರಿಮಾಡುವುದಿಲ್ಲ.

ಬ್ರೇಕು ದೀಪ, ಇಂಡಿಕೇಟರು, ಟ್ರೈಲರು

ಎರಡೂ ಬ್ರೇಕು ದೀಪ ಹೊತ್ತದಿದ್ದರೆ, ಫ್ಯೂಸು ನೋಡಿದ ಬಳಿಕ, ಬ್ರೇಕಿನ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸ್ವಿಚ್ಚಿನ ಕಡೆಗೆ ಹೋಗಿರಿ. ಅದರ ಎರಡು ತಂತಿಗಳನ್ನು ಕಳಚಿ ಒಂದಕ್ಕೊಂದು ಮುಟ್ಟಿಸಿರಿ. ದೀಪ ಹೊತ್ತಿದರೆ ಸ್ವಿಚ್ಚು ಕೆಟ್ಟಿದೆ. ಅದನ್ನು ಬಿಚ್ಚಿದಾಗ ಬ್ರೇಕಿನ ಎಣ್ಣೆ ಸೋರಿ ಗಾಳಿ ಸೇರಿಕೊಳ್ಳುತ್ತದೆ. ಆದುದರಿಂದ ಬದಲಾಯಿಸುವ ಕೆಲಸವನ್ನು ಮೆಕ್ಯಾನಿಕ್ಕಿಗೇ ಬಿಡಿರಿ. ಇಂಡಿಕೇಟರು ಒಂದು ಬದಿಯಲ್ಲಿ ಮಾತ್ರ ಮಿಣುಕುವ ವೇಗ ಬದಲಾದರೆ ಅಥವಾ ಮಿಣುಕದೆ ನಿಂತರೆ ಆ ಬದಿಯ ಬಲ್ಬು ಅಥವಾ ಅರ್ತ್ ನೋಡಬೇಕು. ಎರಡೂ ಬದಿಯಲ್ಲಿ ಇಲ್ಲದಿದ್ದರೆ ಫ್ಲಾಷರು ಅಥವಾ ಫ್ಯೂಸು.

ಜೀಪಿಗೆ ಅಥವಾ ಟ್ರ್ಯಾಕ್ಟರಿಗೆ ಟ್ರೈಲರು ಕಟ್ಟುವವರು ಇನ್ನೂ ಹೆಚ್ಚು ಜಾಗರೂಕರಾಗಬೇಕು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೈಲರಿಗೆ ಬೈಕಿನವರು ಬಂದು ಬಡಿಯುವ ಸುದ್ದಿ ನಮಗೆ ಹೊಸದಲ್ಲ. ಏಳು ಕಡ್ಡಿಯ ಸಾಮಾನ್ಯ ಸಾಕೆಟ್ಟಿನಲ್ಲಿ 1 ಎಡ ಇಂಡಿಕೇಟರು, 3 ಅರ್ತ್, 4 ಬಲ ಇಂಡಿಕೇಟರು, 5 ಬಲ ಹಿಂದೀಪ, 6 ಬ್ರೇಕು ದೀಪ, 7 ಎಡ ಹಿಂದೀಪ. ಟ್ರೈಲರಿನ ದೀಪಗಳೆಲ್ಲ ಒಟ್ಟಿಗೆ ಹುಚ್ಚುಹುಚ್ಚಾಗಿ ಮಿಣುಕಿದರೆ 3ನೆಯ ಕಡ್ಡಿಯನ್ನೇ ಮೊದಲು ಉಜ್ಜಿರಿ. ಕೊಕ್ಕೆಯ ಕಬ್ಬಿಣದ ಮೂಲಕವೇ ಅರ್ತ್ ಸಿಗುತ್ತದೆ ಎಂದು ನಂಬಬಾರದು. ಅಲ್ಲಿ ಗ್ರೀಸು, ಮಣ್ಣು ಇರುತ್ತವೆ. ಹಳೆಯ ಗಾಡಿಗಳಲ್ಲಿ ತಂತಿಯ ಬಣ್ಣ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ರಿಪೇರಿ ಮಾಡಿದವರು ಕೈಗೆ ಸಿಕ್ಕ ಬಣ್ಣ ಎಳೆದಿರುತ್ತಾರೆ. ಏನೇ ಆದರೂ ಟ್ರೈಲರಿನ ಹಿಂದೆ ಎರಡು ಬದಿಗೂ ಕೆಂಪು ರಿಫ್ಲೆಕ್ಟರು ಹಚ್ಚಿರಿ. ಅದಕ್ಕೆ ತಂತಿಯೂ ಬೇಡ, ಬ್ಯಾಟರಿಯೂ ಬೇಡ. ಕಬ್ಬಿನ ಸೋಗೆ ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ಬಲ್ಬು ಮತ್ತೆ ಮತ್ತೆ ಸುಟ್ಟರೆ

ತಿಂಗಳಿಗೊಂದು ಬಲ್ಬು ಹೋಗುತ್ತಿದ್ದರೆ ಅಂಗಡಿಯವನನ್ನು ಬೈಯುವ ಮುನ್ನ ಇಂಜಿನ್ನಿನ ವೇಗ ಏರಿಸಿ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. 15 ವೋಲ್ಟಿಗಿಂತ ಮೇಲೆ ಹೋದರೆ ರೆಗ್ಯುಲೇಟರು ಕೆಟ್ಟಿದೆ. ಬ್ಯಾಟರಿಯ ನೀರು ಬೇಗ ಆರುವುದೂ ಇದರ ಲಕ್ಷಣವೇ. ವೋಲ್ಟೇಜ್ ಸರಿಯಿದ್ದರೆ ದೀಪದ ಹೋಲ್ಡರು ಸಡಿಲವಾಗಿ ಅದುರುತ್ತಿರಬಹುದು.

ದಾರಿಯಲ್ಲಿ ದೀಪ ಆರಿದರೆ

ಗಾಬರಿಯಾಗದೆ, ಸ್ಟೀರಿಂಗು ನೇರ ಹಿಡಿದು, ನಿಧಾನವಾಗಿ ಎಡಬದಿಗೆ ತಂದು ನಿಲ್ಲಿಸಬೇಕು. ಡಿಪ್ಪರನ್ನು ಒಮ್ಮೆ ಒತ್ತಿ ನೋಡಿರಿ. ಒಂದು ಬೆಳಕು ಹೋಗಿದ್ದರೂ ಇನ್ನೊಂದು ಇರಬಹುದು. ಹಿಂದಿನಿಂದ ಬರುವವರಿಗೆ ಕಾಣುವಂತೆ ಇಂಡಿಕೇಟರು ಹಾಕಿ, ಒಬ್ಬರನ್ನು ಟಾರ್ಚು ಕೊಟ್ಟು ಹಿಂದೆ ಕಳುಹಿಸಿರಿ. ಆಮೇಲೆ ಫ್ಯೂಸು, ಬ್ಯಾಟರಿಯ ತುದಿ, ದೀಪದ ಅರ್ತ್ ಈ ಕ್ರಮದಲ್ಲಿ ನೋಡಿರಿ. ಬೆಳಕು ಬಾರದಿದ್ದರೆ ಗಾಡಿಯನ್ನು ಅಲ್ಲೇ ಬಿಟ್ಟು ನಡೆದು ಹೋಗುವುದು ಒಳ್ಳೆಯದು. “ಪರಿಚಯದ ದಾರಿ” ಎಂಬ ಧೈರ್ಯ ಬೇಡ. ದಾರಿ ಪರಿಚಯದ್ದೇ ಇರಬಹುದು, ಆದರೆ ಅದರ ಮೇಲೆ ಆ ರಾತ್ರಿ ಯಾರು ನಡೆಯುತ್ತಿದ್ದಾರೆ ಎಂಬುದು ನಮಗೆ ತಿಳಿದಿರುವುದಿಲ್ಲ.

ವರ್ಷದ ಆರೈಕೆ

ಮುಂಗಾರಿಗೆ ಮುನ್ನ ಬೀಜ, ಗೊಬ್ಬರ ಹೊಂದಿಸುವಂತೆ ದೀಪಗಳಿಗೂ ಅರ್ಧ ದಿನ ಕೊಡಿರಿ.

1. ಬ್ಯಾಟರಿಯ ತುದಿ ಮತ್ತು ಎಲ್ಲ ಅರ್ತ್ ಬೋಲ್ಟುಗಳನ್ನು ಉಜ್ಜಿ ಬಿಗಿ ಮಾಡಿರಿ.

2. ತಗಡಿನ ತೂತುಗಳಲ್ಲಿ ತಂತಿ ಹಾಯುವ ಕಡೆ ರಬ್ಬರು ಬಳೆ ಇದೆಯೇ ನೋಡಿರಿ. ಇಲ್ಲದಿದ್ದರೆ ಹಾಕಿರಿ.

3. ದೀಪದ ಗಾಜು ಒರೆಸಿ, ಒಳಗೆ ನೀರು ಸೇರುತ್ತಿದ್ದರೆ ರಬ್ಬರು ಬದಲಾಯಿಸಿರಿ.

4. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಸುಮಾರು 8 ಮೀಟರ್ ದೂರ ನಿಲ್ಲಿಸಿ ಡಿಪ್ ಬೆಳಕು ಹಾಕಿರಿ. ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 8 ಸೆಂಟಿಮೀಟರ್ ಕೆಳಗೆ ಬೀಳುವಂತೆ ತಿರುಪು ಹೊಂದಿಸಿರಿ.

5. ಗಾಡಿಯಲ್ಲಿ ಎರಡು ಬಲ್ಬು, ನಾಲ್ಕು ಫ್ಯೂಸು, ಒಂದು ತುಂಡು ಉಜ್ಜುಕಾಗದ, ಟೇಪು, ಟಾರ್ಚು ಸದಾ ಇರಲಿ.

6. ಸಂಜೆ ಹೊರಡುವ ಮುನ್ನ ಒಮ್ಮೆ ಗಾಡಿಯನ್ನು ಸುತ್ತಿ ಬನ್ನಿರಿ. ಮನೆಯ ಮಕ್ಕಳನ್ನು ಹಿಂದೆ ನಿಲ್ಲಿಸಿ ಬ್ರೇಕು ತುಳಿದರೆ ದೀಪ ಹೊತ್ತಿದೆಯೋ ಇಲ್ಲವೋ ಅವರೇ ಕೂಗಿ ಹೇಳುತ್ತಾರೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಸೂರ್ಯಾಸ್ತವಾಗಿ ಅರ್ಧ ಗಂಟೆಯಾದ ಮೇಲೆ, ಹಾಗೂ ಬೆಳಕು ಸಾಲದ ಯಾವುದೇ ಹೊತ್ತಿನಲ್ಲಿ, ಗಾಡಿಯ ದೀಪಗಳು ಹೊತ್ತಿರಬೇಕು. ಆದರೆ ದಂಡದ ಭಯಕ್ಕಿಂತ ದೊಡ್ಡ ಕಾರಣವೊಂದಿದೆ. ನಾಟಿಯ ದಿನಗಳಲ್ಲಿ, ಕೊಯ್ಲಿನ ದಿನಗಳಲ್ಲಿ ಕತ್ತಲಾದ ಮೇಲೆ ರಸ್ತೆಯಂಚಿನಲ್ಲಿ ನಡೆದು ಹೋಗುವವರು ನಮ್ಮದೇ ಗದ್ದೆಯಲ್ಲಿ ದುಡಿದವರು. ಆ ರಾತ್ರಿಯ ಇಬ್ಬರು ಹೆಂಗಸರಲ್ಲಿ ಒಬ್ಬರು ಮರುವರ್ಷವೂ ಅದೇ ತಾಕಿಗೆ ನಾಟಿಗೆ ಬಂದಿದ್ದರು. ನನ್ನನ್ನು ಕಂಡು, “ಸ್ವಾಮಿ, ಜೀಪಿನ ದೀಪ ಸರಿಯಾಯಿತಾ?” ಎಂದು ಮೊದಲು ಕೇಳಿದರು. ಆಗಿದೆ ಎಂದು ಹೇಳಲು ಸಾಧ್ಯವಾಯಿತು. ಓದುಗರಾದ ನೀವೂ ಈ ಪ್ರಶ್ನೆಗೆ ಅದೇ ಉತ್ತರ ಕೊಡುವಂತಾಗಲಿ. ಈ ವಾರವೇ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು, ಬಾನೆಟ್ಟು ಎತ್ತಿ, ಆ ಒಂದು ಬೋಲ್ಟನ್ನು ಬಿಚ್ಚಿ ಉಜ್ಜಿರಿ.